ಹಪ್ಪಳದ ಕಟ್ಟು

ಪ್ರೀತಿಯ ತಂಗಿ,

ನಿನ್ನ ಮೆಸೇಜು ಸಿಕ್ಕಿತು. ಕಾಸರಗೋಡಿನ ಬದಿಯಡ್ಕದಿಂದ ಮುಂದಿನ ತಿಂಗಳು ಶಾರ್ಜಾಕ್ಕೆ ಬರುತ್ತಿದ್ದೀಯ, ಸಂತೋಷ. "ಅಕ್ಕಾ, ಅಲ್ಲಿ ನಮ್ಮ ಊಟ ಸಿಗುತ್ತದಾ? ಪೂಜೆಗೆ ಅಡ್ಡಿ ಉಂಟಾ? ನನಗೆ ಕೆಲಸ ಸಿಗಬಹುದಾ? ಬರುವಾಗ ಏನೇನು ತರಲಿ?" ಎಂದು ಒಂದೇ ಉಸಿರಿಗೆ ಕೇಳಿದ್ದೀಯ.

ಕೆಲಸದ ವಿಷಯ ನನ್ನ ಹತ್ತಿರ ಜಾಸ್ತಿ ಕೇಳಬೇಡ. ಡಿಗ್ರಿ ಸರ್ಟಿಫಿಕೇಟಿನ ಅಟೆಸ್ಟೇಷನ್ ಊರಲ್ಲೇ ಮುಗಿಸಿಕೊಂಡು ಬಾ. ಉಳಿದದ್ದು ನಿನ್ನ ಗಂಡನಿಗೆ ಗೊತ್ತಿರುತ್ತದೆ.

ನಾನು ಬಂದದ್ದು 2007ರ ಆಗಸ್ಟ್‌ನಲ್ಲಿ. ಊರಲ್ಲಿ ಆಟಿ ತಿಂಗಳ ಮಳೆ, ಅಂಗಳವಿಡೀ ಪಾಚಿ. ಇಲ್ಲಿ ಏರ್‌ಪೋರ್ಟಿನ ಬಾಗಿಲು ದಾಟಿದ್ದೇ ಕನ್ನಡಕ ಮಂಜಾಯಿತು. ಅಟ್ಟಿನಳಗೆಯ ಮುಚ್ಚಳ ತೆಗೆದ ಹಾಗೆ ಹಬೆ ಮುಖಕ್ಕೆ ಬಡಿಯಿತು. ಮರುದಿನ ಕೆಳಗಿನ ಗ್ರಾಸರಿಗೆ ಹೋದರೆ ಅಂಗಡಿಯವರು ನಮ್ಮದೇ ಜಿಲ್ಲೆಯ ಕಾಞಂಗಾಡಿನ ಮಲಯಾಳಿಗಳು! ಕನ್ನಡ ಶಾಲೆಗೆ ಮಲಯಾಳದ ಮೇಷ್ಟ್ರು ಬಂದರೆ ಧರಣಿ ಕೂರುವ ಊರಿನವಳು ನಾನು. ಆ ದಿನ ಮಲಯಾಳದಲ್ಲಿ "ತೇಂಗ ಉಂಡೋ" ಎಂದು ಕೇಳಿ, ಎರಡು ತೆಂಗಿನಕಾಯಿ ಹಿಡಿದುಕೊಂಡು ಮನೆಗೆ ಬಂದಾಗ ಜೀವ ಬಂದ ಹಾಗಾಯಿತು. ನಿನಗೂ ಆ ಭಾಷೆ ಇಲ್ಲಿ ಅನ್ನ ಹಾಕುತ್ತದೆ, ನಾಚಿಕೆ ಬೇಡ. ಬೆಂಗಳೂರಿನವರು ಸಿಕ್ಕರೆ "ಕೇರಳದವರಾ? ಕನ್ನಡ ಚೆನ್ನಾಗಿ ಮಾತಾಡ್ತೀರಲ್ಲ!" ಎನ್ನುತ್ತಾರೆ. ಸುಮ್ನೆ ನಕ್ಕುಬಿಡು. ನವೆಂಬರ್ 1ಕ್ಕೆ ಅವರ ಜೊತೆ ನಾನೂ ರಾಜ್ಯೋತ್ಸವಕ್ಕೆ ಹೋಗುತ್ತೇನೆ. 1956ರಲ್ಲಿ ಅದೇ ದಿನ ನಾವು ಕಾಸರಗೋಡಿನವರು ಕೇರಳಕ್ಕೆ ಸೇರಿಹೋದದ್ದು ಅಂತ ಪ್ರತಿ ವರ್ಷ ಯಾರಿಗಾದರೂ ಒಬ್ಬರಿಗೆ ಹೇಳಬೇಕಾಗುತ್ತದೆ.

ಊಟಕ್ಕೆ ತೊಂದರೆ ಇಲ್ಲ ಮಾರಾಯ್ತಿ. ಕುಚ್ಚಲಕ್ಕಿ, ಬೆಳ್ತಿಗೆ, ಬಾಳೆಎಲೆ, ಸೌತೆಕಾಯಿ, ನುಗ್ಗೆ ಎಲ್ಲ ಸಿಗುತ್ತದೆ. ವಿಷು ಬಂತೆಂದರೆ ಕಣಿಗೆ ಕೊನ್ನೆ ಹೂವೂ ಅಂಗಡಿಯಲ್ಲಿ ಇರುತ್ತದೆ. ಬಾಲ್ಕನಿಯ ಚಟ್ಟಿಯಲ್ಲಿ ಸಾಂಬ್ರಾಣಿ (ದೊಡ್ಡಪತ್ರೆ) ಚೆನ್ನಾಗಿ ಬರುತ್ತದೆ, ತಂಬುಳಿಗೆ ಅಷ್ಟು ಸಾಕು. ಒಂದೆಲಗ ಮಾತ್ರ ಜೂನ್ ದಾಟುವುದಿಲ್ಲ, ನಾನು ಮೂರು ಸಲ ನೋಡಿದೆ. ಪತ್ರೊಡೆಗೆ ಕೆಸುವಿನ ಎಲೆ ಸಿಕ್ಕಿದರೂ ಆಟಿಯ ಮಳೆಯಲ್ಲಿ ಹಿತ್ತಿಲಿಂದ ಕೊಯ್ದು ತಂದದ್ದರ ರುಚಿ ಬರುವುದಿಲ್ಲ. ನನ್ನ ಮಗಳು ಅದನ್ನು ಒಪ್ಪುವುದಿಲ್ಲ. ಅವಳು ತಿಂದದ್ದೇ ಇಲ್ಲಿಯದು, ಪಾಪ.

ಒಂದು ಮಾತು ಜಾಗ್ರತೆಯಿಂದ ಕೇಳು. ಗಸಗಸೆ ಒಂದು ಕಾಳೂ ತರಬೇಡ. ಊರಲ್ಲಿ ಅದು ಪಾಯಸದ ಸಾಮಾನು, ಇಲ್ಲಿ ಅದನ್ನು ಮಾದಕ ವಸ್ತುಗಳ ಸಾಲಿಗೆ ಸೇರಿಸಿದ್ದಾರೆ. ಗೊತ್ತಿಲ್ಲದೆ ತಂದು ಜೈಲು ಕಂಡವರೂ ಇದ್ದಾರೆ. ಅಜ್ಜಿ ಮಸಾಲೆಪುಡಿ ಕೊಟ್ಟರೆ ಏನೇನು ಹಾಕಿದ್ದಾರೆ ಎಂದು ಮೊದಲೇ ಕೇಳಿಕೋ. ಮಾತ್ರೆ ಇದ್ದರೆ ಡಾಕ್ಟರ ಚೀಟಿ ಜೊತೆಗಿರಲಿ. ವೀಳ್ಯದೆಲೆಯೂ ಬೇಡ. ನಾನು ಒಮ್ಮೆ ಸತ್ಯನಾರಾಯಣ ಪೂಜೆಗೆಂದು ಒಂದು ಕಟ್ಟು ತಂದು, ಕಸ್ಟಮ್ಸಿನವರ ಎದುರು ಬೆವರಿದ್ದೆ. ತಪ್ಪು ನನ್ನದೇ. ತೋಟದ ಮನೆಯವಳಿಗೆ ವೀಳ್ಯದೆಲೆಯನ್ನೂ ಯಾರಾದರೂ ಬೇಡ ಎನ್ನಬಹುದು ಎಂದು ಹೊಳೆಯಲೇ ಇಲ್ಲ.

ಪೂಜೆಗೆ ಅಡ್ಡಿ ಇಲ್ಲ. ದೇವರ ಮೂಲೆ ಮಾಡಿಕೋ, ದೀಪ ಇಡು. ಗಣಹೋಮದ ಆಸೆ ಫ್ಲಾಟಿನಲ್ಲಿ ಬೇಡ, ಹೊಗೆಗೆ ಅಲಾರಂ ಹೊಡೆದುಕೊಳ್ಳುತ್ತದೆ. ನಾನು ಬಂದಾಗ ಇದ್ದದ್ದು ಬರ್‌ದುಬೈಯ ಹಳೆ ದೇವಸ್ಥಾನ. ಓಣಿಯಲ್ಲಿ ಚಪ್ಪಲಿ ಬಿಟ್ಟು ಮೆಟ್ಟಿಲು ಹತ್ತುತ್ತಿದ್ದೆವು. ಈಗ ಜೆಬೆಲ್ ಅಲಿಯಲ್ಲಿ 2022ರಲ್ಲಿ ತೆರೆದ ದೊಡ್ಡ ದೇವಸ್ಥಾನ ಇದೆ, ಅಬುಧಾಬಿಯಲ್ಲಿ 2024ರಿಂದ ಕಲ್ಲಿನ ಮಂದಿರವೂ ಇದೆ. ಎರಡೂ ಚೆಂದ. ಆದರೆ ನಾಗನಿಗೆ ಸಲ್ಲಿಸುವ ಮನೆಯ ನಾಗತಂಬಿಲ ಇಲ್ಲಿ ಆಗುವುದಿಲ್ಲವಲ್ಲ. ಅದಕ್ಕೆ ದುಡ್ಡು ಕಳಿಸುತ್ತೇನೆ. ಅರಸಿನದ ಎಲೆಯ ಪರಿಮಳ ಫೋನಿನಲ್ಲಿ ಬರುವುದಿಲ್ಲ.

ಏನು ತರಬೇಕು ಎಂಬ ನಿನ್ನ ಕೊನೆಯ ಪ್ರಶ್ನೆಗೆ ನನ್ನದೊಂದು ಕಥೆ ಹೇಳಬೇಕು.

2011ರ ಮೇ ತಿಂಗಳು. ಮಗಳು ಕೈಗೂಸು. ಅಮ್ಮ ಆ ಬೇಸಗೆಯಲ್ಲಿ ಹಲಸಿನ ಹಪ್ಪಳ ಮಾಡಿದ್ದಳು. ಸೊಳೆ ಬೇಯಿಸಿ, ಗುದ್ದಿ, ಉಂಡೆ ಕಟ್ಟಿ, ಮಣೆಯಲ್ಲಿ ಒತ್ತಿ, ಅಂಗಳದ ಓಲೆಚಾಪೆಯಲ್ಲಿ ಹರಗಿ, ಕೋಲು ಹಿಡಿದು ಕಾಗೆ ಓಡಿಸುತ್ತ ಕೂತಿದ್ದಳು. ಐವತ್ತರ ಹಾಗೆ ನಾಲ್ಕು ಕಟ್ಟು, ಬಾಳೆನಾರಿನಲ್ಲಿ ಬಿಗಿದು ಕೊಟ್ಟಳು. ಏರ್‌ಪೋರ್ಟಿನಲ್ಲಿ ತೂಕ ಮಾಡಿದರೆ ನಾಲ್ಕು ಕಿಲೋ ಜಾಸ್ತಿ. ಹಿಂದೆ ಉದ್ದ ಸಾಲು, ಕಂಕುಳಲ್ಲಿ ಅಳುವ ಮಗು. ಪೆಟ್ಟಿಗೆಯನ್ನು ನೆಲದಲ್ಲೇ ಬಿಚ್ಚಿದೆ. ಮೇಲೆ ಹೊಸ ಸೀರೆಗಳಿದ್ದವು, ಅಡಿಯಲ್ಲಿ ಹಪ್ಪಳ. ಅಡಿಗೆ ಕೈ ಹಾಕಿ ಹಪ್ಪಳವನ್ನೇ ತೆಗೆದೆ.

ಗೇಟಿನ ಹೊರಗೆ ಅಮ್ಮ ಇನ್ನೂ ನಿಂತಿದ್ದಳು. "ಅಲ್ಲಿ ಎಲ್ಲ ಸಿಗುತ್ತದಮ್ಮಾ" ಎಂದು ಕಟ್ಟುಗಳನ್ನು ಕೈಗೆ ಕೊಟ್ಟೆ. ಒಂದರ ನಾರು ಸಡಿಲಾಗಿತ್ತು. ಅಮ್ಮ ಮೊದಲು ಅದನ್ನು ಬಿಗಿದಳು. ಆಮೇಲೆ ಹೇಳಿದಳು, "ಅಡ್ಡಿ ಇಲ್ಲೆ ಮಗಳೆ, ಇಲ್ಲಿ ಮಕ್ಕೊ ತಿಂಗು."

ನಾನು ಹೇಳಿದ್ದು ಸುಳ್ಳಲ್ಲ. ಹಲಸಿನ ಹಪ್ಪಳ ಇಲ್ಲಿ ನಿಜವಾಗಿ ಸಿಗುತ್ತದೆ. ಆದರೆ ಮರುವರ್ಷದಿಂದ ಅಮ್ಮ ನನಗೆಂದು ಏನೂ ಕಟ್ಟಿಕೊಡಲಿಲ್ಲ. ಕೋಪ ಅಂತಲ್ಲ, ನನ್ನ ಮಾತನ್ನು ನಂಬಿದಳು ಅಷ್ಟೇ. ಈಗ ಅವಳಿಗೆ ಮೊಣಕಾಲು ನೋವು, ಅಂಗಳದಲ್ಲಿ ಚಾಪೆ ಹಾಸುವವರಿಲ್ಲ.

2025ರಲ್ಲಿ ಮಧೂರಿನಲ್ಲಿ ಗಣಪತಿಯನ್ನು ಅಪ್ಪ ಎಂಬ ತಿಂಡಿಯಿಂದ ಮುಚ್ಚುವ ಮೂಡಪ್ಪ ಸೇವೆ ಆಯಿತಲ್ಲ, 1992ರ ನಂತರ. 1992ರಲ್ಲಿ ನಾನು ಎಂಟು ವರ್ಷದವಳು, ಜನಜಂಗುಳಿಯಲ್ಲಿ ಅಪ್ಪನ ಹೆಗಲೇರಿ ನೋಡಿದ್ದೆ. ಈ ಸಲ ಇಲ್ಲಿಂದ ಫೋನಿನಲ್ಲಿ ನೋಡಿದೆ. ನಾನೇ ಬಾಯಿಬಿಟ್ಟು ಕೇಳಿದೆ, "ಅಮ್ಮಾ, ನನಗೆ ಪ್ರಸಾದ ಕಳಿಸುತ್ತೀಯಾ?" "ಅಲ್ಲಿ ಸಿಗುವುದಿಲ್ವಾ?" ಎಂದಳು. ಬರುವವರ ಕೈಯಲ್ಲಿ ಆರು ಅಪ್ಪ ಕಳಿಸಿದಳು. ಅಂಚು ಗಟ್ಟಿಯಾಗಿತ್ತು. ಬಿಸಿ ಮಾಡದೆ ಹಾಗೇ ತಿಂದೆ.

ಆದ್ದರಿಂದ ಪೆಟ್ಟಿಗೆಯನ್ನು ಮನೆಯಲ್ಲೇ ತೂಕ ಮಾಡು. ನಿನ್ನ ಅತ್ತೆ, ಅಮ್ಮ ಕೊಟ್ಟದ್ದನ್ನು ಮೊದಲು ತುಂಬಿಸು. ಸೀರೆ ದುಬೈಯ ಮೀನಾ ಬಜಾರಿನಲ್ಲಿ ಬೇಕಾದಷ್ಟು ಸಿಗುತ್ತದೆ.

ಟಿಕೆಟ್ ಆದ ಮೇಲೆ ದಿನ ತಿಳಿಸು. ಬಂದ ದಿನ ನೀನು ಒಲೆ ಹಚ್ಚುವುದು ಬೇಡ, ಅನ್ನ ಸಾರು ನಾನು ತರುತ್ತೇನೆ. ಹಪ್ಪಳ ನೀನು ತಾ.