ಡ್ಯಾಶ್ ಪ್ಯಾಡ್ ಒಡೆದಿದೆ, ಗಾಜಿನ ಫ್ರೇಮ್ ಅಲ್ಲಾಡುತ್ತಿದೆ: ಮೊದಲು ಯಾವುದು?

ಪ್ರಶ್ನೆ: ಸರ್, ನಾನು ಇರುವುದು ಕ್ಯಾಲಿಫೋರ್ನಿಯಾದಲ್ಲಿ. ಹೋದ ವರ್ಷ 1970ರ ಎಂಜಿಬಿ ರೋಡ್‌ಸ್ಟರ್ (ಇಂಗ್ಲೆಂಡಿನ ತೆರೆದ ಸ್ಪೋರ್ಟ್ಸ್ ಕಾರು) ಕೊಂಡೆ. ಎಂಜಿನ್ ಚೆನ್ನಾಗಿದೆ. ಆದರೆ ಡ್ಯಾಶ್ ಪ್ಯಾಡ್, ಅಂದರೆ ಡ್ಯಾಶ್‌ಬೋರ್ಡಿನ ಮೆತ್ತೆ, ನಾಲ್ಕೈದು ಕಡೆ ಬಿರುಕು ಬಿಟ್ಟು ಒಳಗಿನ ಫೋಮ್ ಪುಡಿಯಾಗಿ ಉದುರುತ್ತಿದೆ. ವಿಂಡ್‌ಶೀಲ್ಡ್ ಫ್ರೇಮ್ ಮೂಲೆಗಳಲ್ಲಿ ಸಡಿಲವಾಗಿದೆ, ಅದರ ಕಂಬ ಬಾಡಿಯೊಳಗೆ ಇಳಿಯುವ ಕಡೆ ಬಿಳಿ ಪುಡಿ ಕಾಣುತ್ತದೆ. ಮಳೆ ಬಂದರೆ ಕಾಲಡಿಯ ಕಾರ್ಪೆಟ್ ಒದ್ದೆ. ಈ ವರ್ಷ ಡ್ಯಾಶ್, ಮುಂದಿನ ವರ್ಷ ಫ್ರೇಮ್ ಮಾಡಿಸೋಣ ಅಂದುಕೊಂಡಿದ್ದೇನೆ. ಡ್ಯಾಶ್ ಮೇಲೆ ಅಂಟಿಸುವ ಪ್ಲಾಸ್ಟಿಕ್ ಕವರ್ ಸಾಕು ಅನ್ನುತ್ತಾರೆ ಕೆಲವರು. ನಿಮ್ಮ ಸಲಹೆ ಏನು?

ಉತ್ತರ: ಎರಡನ್ನೂ ಒಟ್ಟಿಗೇ ಮಾಡಿ. ದುಡ್ಡು ಸಾಲದಿದ್ದರೆ ಎರಡನ್ನೂ ಮುಂದಿನ ವರ್ಷಕ್ಕೆ ಇಟ್ಟುಕೊಳ್ಳಿ, ಆದರೆ ಬೇರೆ ಬೇರೆ ಮಾಡಬೇಡಿ. ಈ ಕಾರಿನಲ್ಲಿ ಫ್ರೇಮಿನ ಎರಡು ಕಾಲುಗಳು ಬಾಡಿಯೊಳಗೆ ಇಳಿದು, ಒಂದೊಂದು ಕಡೆ ಎರಡೆರಡು ಬೋಲ್ಟುಗಳಲ್ಲಿ ನಿಂತಿವೆ. ಒಂದಕ್ಕೆ ಹೇಗೋ ಸ್ಪ್ಯಾನರ್ ಹೋಗುತ್ತದೆ, ಇನ್ನೊಂದಕ್ಕೆ ಡ್ಯಾಶ್ ಅಡ್ಡ. ಈ ವರ್ಷ ಹೊಸ ಡ್ಯಾಶ್ ಕೂರಿಸಿ, ಮುಂದಿನ ವರ್ಷ ಅದನ್ನೇ ಮತ್ತೆ ಕಿತ್ತು, ಅಷ್ಟೂ ವೈರು ಮತ್ತೆ ಬಿಚ್ಚಿ... ಯಾಕೆ ಬೇಕು ಹೇಳಿ?

ಕವರ್ ವಿಷಯ. ನನಗೆ ಅದು ಇಷ್ಟವಿಲ್ಲ. ದೂರದಿಂದ ಚೆನ್ನಾಗೇ ಕಾಣುತ್ತದೆ, ಆದರೆ ಒಳಗಿನ ಫೋಮ್ ಪುಡಿಯಾಗುವುದು ನಿಲ್ಲುವುದಿಲ್ಲ, ಮತ್ತು ಒಮ್ಮೆ ಸಿಲಿಕೋನ್ ಹಾಕಿ ಅಂಟಿಸಿದರೆ ಕೆಳಗಿನ ಡ್ಯಾಶನ್ನು ಮುಂದೆ ರಿಪೇರಿ ಮಾಡುವ ಆಸೆ ಬಿಡಬೇಕು. ಒಂದೆರಡು ಸಣ್ಣ ಬಿರುಕು ಇದ್ದರೆ ಅದನ್ನು ವಿ ಆಕಾರಕ್ಕೆ ಕೊರೆದು, ಬಗ್ಗುವಂಥ ಫಿಲ್ಲರ್ ತುಂಬಿ, ಉಜ್ಜಿ, ಮೇಲೆ ಹೊಸ ವಿನೈಲ್ ಹೊದಿಸಬಹುದು. ನಿಮ್ಮದರಲ್ಲಿ ಫೋಮೇ ಉದುರುತ್ತಿದೆ ಅಂದರೆ ಹೊಸ ಪ್ಯಾಡೇ ಸರಿ.

ಕೊಳ್ಳುವಾಗ ವರ್ಷ ನೋಡಿ. ಅಮೆರಿಕದಲ್ಲಿ 1968ರ ಜನವರಿ 1ರಿಂದ ಹೊಸ ಸುರಕ್ಷತಾ ನಿಯಮ ಬಂತು. ಅಪಘಾತದಲ್ಲಿ ತಲೆ ಬಡಿದರೆ ಪೆಟ್ಟು ಕಡಿಮೆಯಾಗಲಿ ಅಂತ ಇಂಗ್ಲೆಂಡಿನ ಅಬಿಂಗ್ಡನ್ ಕಾರ್ಖಾನೆಯವರು ಅಮೆರಿಕಕ್ಕೆ ಕಳಿಸುವ ಕಾರಿಗೆ ಮಾತ್ರ ಈ ದಪ್ಪ ಫೋಮ್ ಡ್ಯಾಶ್ ಹಾಕಿದರು. ಗ್ಲೋವ್ ಬಾಕ್ಸಿಗೂ ಜಾಗ ಉಳಿಯಲಿಲ್ಲ. ಜನ ಅದಕ್ಕೆ ಇಟ್ಟ ಅಡ್ಡಹೆಸರು 'ಅಬಿಂಗ್ಡನ್ ದಿಂಬು'. ಇಂಗ್ಲೆಂಡಿನಲ್ಲೇ ಮಾರುವ ಕಾರುಗಳಲ್ಲಿ ಆಗಲೂ ಹಳೆಯ ಕಬ್ಬಿಣದ ಡ್ಯಾಶೇ ಇತ್ತು. 1972ರ ಮಾಡೆಲ್‌ನಿಂದ ಗ್ಲೋವ್ ಬಾಕ್ಸ್ ಇರುವ ಬೇರೆ ಪ್ಯಾಡ್ ಬಂತು. ಸುಮ್ನೆ 'ಎಂಜಿಬಿ ಡ್ಯಾಶ್' ಅಂತ ಆರ್ಡರ್ ಮಾಡಿದರೆ ನಿಮ್ಮ ಕಾರಿಗೆ ಆಗದ್ದು ಬಂದು ಕೂರುತ್ತದೆ.

ಇನ್ನು ನೀರು. ಫ್ರೇಮಿನ ಕೆಳಗಿನ ಬೀಡಿಂಗ್ (ರಬ್ಬರ್ ಪಟ್ಟಿ) ಮೇಲೆ ತಪ್ಪು ಹೊರಿಸುವ ಮುಂಚೆ ಒಂದು ಕೆಲಸ ಮಾಡಿ. ಗಾಜಿನ ಮುಂದೆ ಹೀಟರಿಗೆ ಗಾಳಿ ಹೋಗುವ ಜಾಲರಿ ಇದೆಯಲ್ಲ, ಅದಕ್ಕೆ ಒಂದು ಚೊಂಬು ನೀರು ಹೊಯ್ಯಿರಿ. ಕಾರಿನ ಕೆಳಗೆ ಸುರಿದರೆ ಸರಿ. ಒಳಗೆ ಕಾಲಡಿ ಬಂದರೆ ಅಲ್ಲಿನ ಡ್ರೈನ್ ಪೈಪು ಎಲೆ, ಮಣ್ಣಿನಿಂದ ಕಟ್ಟಿಕೊಂಡಿದೆ. ನಮ್ಮೂರ ಹಂಚಿನ ಮನೆ ಸೋರುವ ಹಾಗೆಯೇ ಇದೂ: ನೀರು ತೊಟ್ಟಿಕ್ಕುವ ಜಾಗವೇ ಬೇರೆ, ಹಂಚು ಒಡೆದಿರುವ ಜಾಗವೇ ಬೇರೆ.

ಬಿಚ್ಚುವ ಕೆಲಸಕ್ಕೆ ಇಂಚಿನ ಸ್ಪ್ಯಾನರ್ ಸೆಟ್ ಬೇಕು, ಮೆಟ್ರಿಕ್ ಹೊಂದುವುದಿಲ್ಲ. ಸೀಟಿನ ಹಿಂದಿನ ಬ್ಯಾಟರಿಯ ಅರ್ತ್ ವೈರು ಮೊದಲು ತೆಗೆಯಿರಿ. ನಿಮ್ಮ ಕಾರಿನಲ್ಲಿ 6 ವೋಲ್ಟಿನ ಎರಡು ಬ್ಯಾಟರಿ ಇರಬಹುದು, ಹಳೆಯ ಮಾಲೀಕರು 12ರದ್ದು ಒಂದೇ ಹಾಕಿಸಿರಲೂಬಹುದು. ಪ್ರತಿ ವೈರಿಗೂ ಚೀಟಿ ಕಟ್ಟಿ, ಫೋಟೊ ತೆಗೆದುಕೊಳ್ಳಿ. ಸ್ಟೀರಿಂಗ್ ಕಾಲಮ್ಮಿನ ಬ್ರಾಕೆಟ್ ಸಡಿಲಿಸುವಾಗ ನಡುವೆ ವಾಷರ್ ಸಿಕ್ಕರೆ ಯಾವುದು ಎಲ್ಲಿತ್ತು ಅಂತ ಬರೆದಿಡಿ, ಅವು ಸುಮ್ನೆ ಇರುವುದಿಲ್ಲ. ಪ್ಯಾಡಿನ ಮೇಲಂಚಿನ ನಟ್ಟುಗಳಿಗೆ ಮಾತ್ರ ಕೆಳಗೆ ಅಂಗಾತ ಮಲಗಿ ಕೈ ಹಾಕಬೇಕು. ನನ್ನ ಮೊದಲ ಡ್ಯಾಶಿಗೆ ಒಂದು ಇಡೀ ಭಾನುವಾರ ಹೋಯಿತು, ಕತ್ತು ನೋವು ಬುಧವಾರದ ತನಕ ಇತ್ತು. ಸೀಟು ಮೊದಲೇ ತೆಗೆದುಬಿಡಿ, ನಾನು ತೆಗೆದಿರಲಿಲ್ಲ.

ನಿಜವಾದ ತಲೆನೋವು ಆ ಬಿಳಿ ಪುಡಿ. ಫ್ರೇಮ್ ಅಲ್ಯುಮಿನಿಯಂ, ಬೋಲ್ಟು ಉಕ್ಕು. ನೀರು ಸೇರಿದರೆ ಎರಡರ ನಡುವೆ ಅಲ್ಯುಮಿನಿಯಂ ಕರಗಿ ಪುಡಿಯಾಗಿ, ಬೋಲ್ಟನ್ನು ಹಿಡಿದುಬಿಡುತ್ತದೆ. ಒಂದು ವಾರ ಮುಂಚಿನಿಂದ ದಿನಾ ಪೆನಿಟ್ರೇಟಿಂಗ್ ಆಯಿಲ್ (ಸಂದಿಗೆ ಇಳಿದು ಬೋಲ್ಟು ಸಡಿಲಿಸುವ ಎಣ್ಣೆ) ಬಿಡುತ್ತಾ ಬನ್ನಿ. ಬೋಲ್ಟನ್ನು ಒಂದು ಚೂರು ಬಿಚ್ಚಿ, ಮತ್ತೆ ಒಂದು ಚೂರು ಬಿಗಿದು, ಹಾಗೇ ಹಿಂದೆ ಮುಂದೆ ತಿರುಗಿಸುತ್ತಾ ತೆಗೆಯಬೇಕು. ಬರದಿದ್ದರೆ ಬಿಸಿ ಕೊಡಿ. ಫ್ರೇಮನ್ನು ಹಿಡಿದು ಅಲ್ಲಾಡಿಸಿ ಕೀಳಲು ಹೋದರೆ ಗಾಜು ಬಿರುಕು ಬಿಡುತ್ತದೆ. ನಡುವೆ ಕನ್ನಡಿ ಹಿಡಿದಿರುವ ಸರಳಿನ ಕೆಳಗಿನ ಬ್ರಾಕೆಟ್ ಬಿಚ್ಚುವುದನ್ನೂ ಮರೆಯಬೇಡಿ.

ಹೊರಗೆ ಬಂದ ಮೇಲೆ ಕಾಲುಗಳನ್ನು ಉಜ್ಜಿ ನೋಡಿ. ಸೀಳು ಕಂಡರೆ, ಬೋಲ್ಟಿನ ತೂತು ತಿಂದು ಹೋಗಿದ್ದರೆ ಆ ಕಂಬ ಬದಲಿಸಿ. ಗಟ್ಟಿಯಾಗಿದ್ದರೆ ಹೊಸ ಫ್ರೇಮ್ ಬೇಡ, ಮೂಲೆಯ ಸ್ಕ್ರೂ ಮತ್ತು ಗಾಜಿನ ರಬ್ಬರ್ ಹೊಸದು ಹಾಕಿದರೆ ಸಾಕು. ಮೂಲೆ ಸಡಿಲವಾಗುವುದು ಹೆಚ್ಚಾಗಿ ವಯಸ್ಸಿನಿಂದಲ್ಲ, ಕಾರಿಂದ ಏಳುವಾಗ ಎಲ್ಲರೂ ಮೇಲಿನ ಪಟ್ಟಿ ಹಿಡಿದು ಏಳುತ್ತಾರಲ್ಲ, ಅದರಿಂದ. ಜೋಡಿಸುವಾಗ ರಬ್ಬರಿಗೆ ಸೋಪಿನ ನೀರು ಹಚ್ಚಿ, ಫ್ರೇಮಿನ ಸುತ್ತ ಬೆಲ್ಟು ಬಿಗಿದರೆ ಮೂಲೆಗಳು ತಾವಾಗಿ ಕೂಡುತ್ತವೆ.

ವಾಪಸ್ ಹಾಕುವಾಗ ಫ್ರೇಮ್ ಮೊದಲು, ಡ್ಯಾಶ್ ಕೊನೆಗೆ. ಹೊಸ ಬೀಡಿಂಗ್ ಗಟ್ಟಿ ಇರುತ್ತದೆ, ಬಿಸಿಲಲ್ಲಿ ಇಟ್ಟು ಮೆತ್ತಗೆ ಮಾಡಿಕೊಳ್ಳಿ. ಇಬ್ಬರು ಫ್ರೇಮನ್ನು ಕೆಳಕ್ಕೆ ಒತ್ತಬೇಕು, ಮೂರನೆಯವರು ಕೆಳಗಿನಿಂದ ಚೂಪು ತುದಿಯ ಪಂಚ್ ತೂರಿಸಿ ತೂತುಗಳನ್ನು ಒಂದೇ ಸಾಲಿಗೆ ತಂದು ಬೋಲ್ಟು ಹಾಕಬೇಕು. ಒಬ್ಬರೇ ಮಾಡುತ್ತೇನೆ ಅಂತ ಹೊರಟರೆ ಬಾಡಿಯ ಪೇಂಟ್ ಗೀಚಿಹೋಗುತ್ತದೆ. ಬೋಲ್ಟು ಮತ್ತೆ ಹಿಡಿದುಕೊಳ್ಳದ ಹಾಗೆ ಅದಕ್ಕೆ ಆ್ಯಂಟಿ-ಸೀಜ್ ಪೇಸ್ಟ್ ಹಚ್ಚಿ, ತಾಮ್ರದ ಪುಡಿ ಇರುವುದು ಬೇಡ. ಪೂರ್ತಿ ಬಿಗಿಯುವ ಮುಂಚೆ ಎರಡೂ ಬಾಗಿಲು ಮುಚ್ಚಿ, ಬಾಗಿಲಿನ ಚಿಕ್ಕ ತ್ರಿಕೋನದ ಗಾಜು ಕಂಬಕ್ಕೆ ಸಮವಾಗಿ ಕೂರುತ್ತದಾ ನೋಡಿ. ಬೀಡಿಂಗಿನ ತುದಿಗಳನ್ನು ಅವತ್ತೇ ಕತ್ತರಿಸಬೇಡಿ. ಒಂದು ವಾರ ಓಡಿಸಿ, ಅದು ಕುಗ್ಗಿ ಕೂತ ಮೇಲೆ ಕತ್ತರಿಸಿ.