ಹಳೇ ಪಿಕಪ್, ಇಂಜೆಕ್ಷನ್ ಎಂಜಿನ್: ತಿರುವಿನಲ್ಲಿ ನಿಲ್ಲುವುದೇಕೆ?

ಪ್ರಶ್ನೆ: ಕಾರ್ಬುರೇಟರ್ ಕಾಲದ ಪೆಟ್ರೋಲ್ ಪಿಕಪ್‌ಗೆ ಇಂಜೆಕ್ಷನ್ ಎಂಜಿನ್ ಕೂರಿಸಿದ್ದೇನೆ. ಪೆಟ್ರೋಲ್ ಕಾಲು ಟ್ಯಾಂಕಿಗೆ ಇಳಿದರೆ ತಿರುವಿನಲ್ಲಿ ಮುಗ್ಗರಿಸಿ ನಿಲ್ಲುತ್ತದೆ. ಏನು ಮಾಡಲಿ ಸರ್?
– ಓದುಗರು, ಯಲಹಂಕ

ಉತ್ತರ: ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ತಂಟೆಗೆ ಈಗಲೇ ಹೋಗಬೇಡಿ. ಪೆಟ್ರೋಲ್ ಒಂದು ಬದಿಗೆ ಸರಿದಾಗ ಪಂಪ್ ಗಾಳಿ ಎಳೆಯುತ್ತಿರಬೇಕು. ಕಾರ್ಬುರೇಟರ್‌ಗೆ ಸುಮಾರು 0.3 ಬಾರ್ ಒತ್ತಡ ಸಾಕಿತ್ತು. ಇಂಜೆಕ್ಷನ್‌ಗೆ 3 ಬಾರ್ ಆಸುಪಾಸು ಬೇಕು, ಗಾಳಿ ಸೇರಿದರೆ ಒತ್ತಡ ತಕ್ಷಣ ಬೀಳುತ್ತದೆ. ಒಂದೆರಡು ಲೀಟರಿನ ಸರ್ಜ್ ಟ್ಯಾಂಕ್ (ಸದಾ ತುಂಬಿರುವ ಚಿಕ್ಕ ಪೆಟ್ರೋಲ್ ಟ್ಯಾಂಕ್) ಹಾಕಿಸಿ. ಕಡಿಮೆ ಒತ್ತಡದ ಪಂಪ್ ಅದನ್ನು ತುಂಬಲಿ, ಹೆಚ್ಚು ಒತ್ತಡದ್ದು ಅದರಿಂದ ಎಳೆಯಲಿ. ಎಂಜಿನ್‌ನಿಂದ ಪೆಟ್ರೋಲ್ ಮರಳಿಸುವ ರಿಟರ್ನ್ ಪೈಪ್ ಸರ್ಜ್ ಟ್ಯಾಂಕಿಗೇ ಬರಲಿ, ಹೆಚ್ಚಾದದ್ದು ಮುಖ್ಯ ಟ್ಯಾಂಕಿಗೆ ಹೋಗಲಿ. ಹಳೇ ರಬ್ಬರ್ ಪೈಪ್ ಮಾತ್ರ ದಯವಿಟ್ಟು ಉಳಿಸಬೇಡಿ, ಬಿರಿದರೆ ಬೆಂಕಿ! ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲಿ, ಹೆಚ್ಚು ಒತ್ತಡ ತಡೆಯುವ ಇಂಜೆಕ್ಷನ್ ಪೈಪನ್ನೇ ಕೇಳಿ ತನ್ನಿ. ಹೊಸ ಎಂಜಿನ್ ನಂಬರ್ ಆರ್‌ಸಿಯಲ್ಲಿ ಇಲ್ಲದಿದ್ದರೆ ರಸ್ತೆಗಿಳಿಸುವ ಮೊದಲೇ ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿ.