ಓದುಗರ ಪ್ರಶ್ನೆ: ಕೈಗೆ ಕೆಲಸ ಕೊಟ್ಟರೆ ಬಾಯಿಗೆ ಇಂಗ್ಲಿಷ್ ಬರುತ್ತದೆಯೇ?

ಎಳೆಯ ಮಕ್ಕಳಿಗೆ ಚಟುವಟಿಕೆಗಳ ಮೂಲಕ ಇಂಗ್ಲಿಷ್ ಕಲಿಸುವ ಬಗ್ಗೆ ಕಲಬುರಗಿ, ಬೀದರ್ ಮತ್ತು ಯಾದಗಿರಿ ಜಿಲ್ಲೆಗಳ ಓದುಗರು ಬರೆದ ಪತ್ರಗಳಲ್ಲಿ ಕೆಲವಕ್ಕೆ ಈ ಸಂಚಿಕೆಯಲ್ಲಿ ಉತ್ತರಿಸಲಾಗಿದೆ.

ಪ್ರಶ್ನೆ: ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ಚಟುವಟಿಕೆಗಳ ಮೂಲಕ ಕಲಿಸುವ ನಲಿ-ಕಲಿ ತರಗತಿ ನಡೆಸುತ್ತಿದ್ದೇನೆ. ಇಂಗ್ಲಿಷ್ ಅವಧಿಯಲ್ಲಿ ಬಣ್ಣದ ಕಾಗದ ಕತ್ತರಿಸಿ ಅಂಟಿಸುವುದು, ಮಣ್ಣಿನಲ್ಲಿ ಹಣ್ಣು-ಪ್ರಾಣಿಗಳನ್ನು ಮಾಡುವುದು, ಚಿತ್ರಕ್ಕೆ ಬಣ್ಣ ತುಂಬುವುದು ಇವನ್ನೆಲ್ಲ ಮಾಡಿಸುತ್ತೇನೆ. ಮಕ್ಕಳಿಗೆ ಬಹಳ ಖುಷಿ. ಆದರೆ ಜೂನ್‌ನಿಂದ ಇಲ್ಲಿಯವರೆಗೆ ಆ್ಯಪಲ್, ಬಾಲ್ ಎಂಬಂಥ ಬಿಡಿ ಹೆಸರುಗಳ ಹೊರತು ಒಂದು ವಾಕ್ಯವೂ ಅವರ ಬಾಯಿಂದ ಹೊರಟಿಲ್ಲ. ಚಟುವಟಿಕೆಯಿಂದ ಭಾಷೆ ಬರುತ್ತದೆ ಎಂಬುದು ಬರೀ ಮಾತೇ?
— ಶಿಕ್ಷಕಿ, ಸೇಡಂ ತಾಲ್ಲೂಕು

ಉತ್ತರ: ಬರೀ ಮಾತಲ್ಲ. ಆದರೆ ನೀವು ಬರೆದ ಮೂರೂ ಚಟುವಟಿಕೆಗಳನ್ನು ಮಗು ಇಂಗ್ಲಿಷಿನ ಒಂದು ಮಾತನ್ನೂ ಕೇಳದೆ, ಆಡದೆ ಮುಗಿಸಬಹುದು. ಕಾಗದ ಕತ್ತರಿಸಲು ಕತ್ತರಿ ಬೇಕು, ಅಂಟು ಬೇಕು, ಇಂಗ್ಲಿಷ್ ಬೇಕಾಗಿಲ್ಲ. ಕೈಗೆಲಸದ ಅವಧಿಯಾಗಿ ಅದು ಒಳ್ಳೆಯದೇ. ಭಾಷೆಯ ಅವಧಿ ಎನ್ನಿಸಿಕೊಳ್ಳಬೇಕಾದರೆ ಮಾತಿಲ್ಲದೆ ಕೆಲಸ ಮುಂದೆ ಹೋಗದಂತೆ ಅದನ್ನು ಕಟ್ಟಬೇಕು. ಯಾವುದೇ ಚಟುವಟಿಕೆಯನ್ನು ತರಗತಿಗೆ ಒಯ್ಯುವ ಮುನ್ನ ‘ಬಾಯಿ ಮುಚ್ಚಿಕೊಂಡು, ಕಿವಿ ಮುಚ್ಚಿಕೊಂಡು ಇದನ್ನು ಮಾಡಬಹುದೇ?’ ಎಂದು ಕೇಳಿಕೊಳ್ಳಿ. ಮಾಡಬಹುದಾದರೆ ಅದನ್ನು ಬದಲಿಸಿ.

ನಿಮ್ಮ ಮಣ್ಣಿನ ಕೆಲಸವನ್ನೇ ತೆಗೆದುಕೊಳ್ಳೋಣ. ಇಬ್ಬರು ಮಕ್ಕಳನ್ನು ಬೆನ್ನಿಗೆ ಬೆನ್ನು ಮಾಡಿ ಕೂಡಿಸಿ. ಒಬ್ಬಳ ಮುಂದೆ ನೀವು ಮೊದಲೇ ಮಾಡಿಟ್ಟ ಮೂರು ಉಂಡೆಗಳಿರಲಿ: ಬೋರಲು ಹಾಕಿದ ಊಟದ ತಟ್ಟೆಯ ಮೇಲೆ ದೊಡ್ಡದೊಂದು, ಪಕ್ಕದಲ್ಲಿ ಸಣ್ಣದೊಂದು, ತಟ್ಟೆಯ ಕೆಳಗೆ ಇನ್ನೊಂದು ಸಣ್ಣದು. ಇನ್ನೊಬ್ಬನ ಮುಂದೆ ಅಂಥದೇ ತಟ್ಟೆ ಮತ್ತು ಒಂದಿಷ್ಟು ಹಸಿಮಣ್ಣು ಮಾತ್ರ ಇರಲಿ. ಅವಳು ನೋಡಿಕೊಂಡು ‘ಬಿಗ್ ಬಾಲ್, ಆನ್ ದ ಪ್ಲೇಟ್’, ‘ಸ್ಮಾಲ್ ಬಾಲ್, ಅಂಡರ್ ದ ಪ್ಲೇಟ್’ ಎಂದು ಹೇಳುತ್ತ ಹೋಗಬೇಕು, ಇವನು ತಿರುಗಿ ನೋಡದೆ ಹಾಗೆಯೇ ಮಾಡಿಡಬೇಕು. ಕೊನೆಯಲ್ಲಿ ಇಬ್ಬರೂ ತಿರುಗಿ ಕುಳಿತು ಹೋಲಿಸಿ ನೋಡಲಿ. ಉಂಡೆ ತಪ್ಪಿದ ಕಡೆ ಇದ್ದರೆ ‘ನಾ ಅಂಡರ್ ಅಂದಿದ್ದೆ, ನೀ ಯಾಕ ಮ್ಯಾಲಿಟ್ಟಿ’ ಎಂದು ಜಗಳ ಶುರುವಾಗುತ್ತದೆ. ಜಗಳ ಕನ್ನಡದಲ್ಲಿ ನಡೆದರೂ ಅದರ ವಿಷಯ ಇಂಗ್ಲಿಷೇ ಆಗಿರುವುದರಿಂದ ಅದನ್ನು ನಿಲ್ಲಿಸುವ ಅವಸರ ಬೇಡ.

ಇನ್ನು ‘ಒಂದು ವಾಕ್ಯವೂ ಬರುತ್ತಿಲ್ಲ’ ಎಂಬ ನಿಮ್ಮ ಅಳಲಿನ ಬಗ್ಗೆ. ಹೊಸ ಭಾಷೆಗೆ ಕಾಲಿಟ್ಟ ಮಗು ಕೆಲವು ಕಾಲ ಕೇಳುತ್ತದೆಯೇ ಹೊರತು ಆಡುವುದಿಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞ ಜೇಮ್ಸ್ ಆಶರ್ 1960ರ ದಶಕದಲ್ಲಿ ರೂಪಿಸಿದ ‘ಟೋಟಲ್ ಫಿಸಿಕಲ್ ರೆಸ್ಪಾನ್ಸ್’ ವಿಧಾನಕ್ಕೆ ಇದೇ ಆಧಾರ: ಕೂಸು ಮಾತು ಕಲಿಯುವ ಎಷ್ಟೋ ಮೊದಲೇ ‘ಇಲ್ಲಿ ಬಾ’, ‘ಅದನ್ನು ಕೊಡು’ ಎಂಬುದಕ್ಕೆ ಮೈಯಿಂದ ಉತ್ತರ ಕೊಡುತ್ತದೆ, ಎರಡನೆಯ ಭಾಷೆಯನ್ನೂ ಹಾಗೆಯೇ ಆಜ್ಞೆ ಮತ್ತು ಚಲನೆಯಿಂದ ಆರಂಭಿಸಬಹುದು. ಆದ್ದರಿಂದ ನಿಮ್ಮ ಮಕ್ಕಳಿಗೆ ಎಷ್ಟು ಬಂದಿದೆ ಎಂಬುದನ್ನು ಮೊದಲು ಬಾಯಿಯಿಂದಲ್ಲ, ಕೈಕಾಲುಗಳಿಂದ ಅಳೆಯಿರಿ. ನಿಮ್ಮ ಭಾಗದ ಬಹುಪಾಲು ಶಾಲೆಗಳಂತೆ ನಿಮ್ಮಲ್ಲಿಯೂ ಶಹಾಬಾದ್ ಪರಸಿ (ಚಪ್ಪಡಿ ಕಲ್ಲು) ಹಾಸಿದ ನೆಲವಿದ್ದರೆ ಅದಕ್ಕಿಂತ ಒಳ್ಳೆಯ ಕಪ್ಪುಹಲಗೆ ಬೇರೆ ಬೇಕಿಲ್ಲ. ಕಲ್ಲಿಗೊಂದರಂತೆ ಸೀಮೆಸುಣ್ಣದಲ್ಲಿ ಮರ, ಮನೆ, ಬಾವಿ, ಬಸ್ಸು ಬರೆದು, ‘ರನ್ ಟು ದ ಟ್ರೀ’, ‘ಹಾಪ್ ಟು ದ ಬಸ್’, ‘ಸಿಟ್ ನಿಯರ್ ದ ವೆಲ್’ ಎಂದು ಹೇಳಿ. ಮೊದಲ ದಿನ ನೀವೇ ಮಕ್ಕಳೊಂದಿಗೆ ಓಡಿ. ಆಮೇಲೆ ಸುಮ್ಮನೆ ನಿಂತು ಹೇಳಿ. ಯಾರು ನಿಮ್ಮ ಮಾತಿಗೆ ಓಡುತ್ತಾರೆ, ಯಾರು ಪಕ್ಕದವನನ್ನು ನೋಡಿ ಓಡುತ್ತಾರೆ ಎಂಬುದು ಆಗ ಕಣ್ಣಿಗೆ ಬೀಳುತ್ತದೆ, ಮತ್ತು ಆ ವ್ಯತ್ಯಾಸವನ್ನು ತೋರಿಸಬಲ್ಲ ಲಿಖಿತ ಪರೀಕ್ಷೆ ಈ ವಯಸ್ಸಿಗೆ ಇಲ್ಲವೆಂದೇ ನನ್ನ ಅಭಿಪ್ರಾಯ.

ಈ ವಿಧಾನಕ್ಕೂ ಮಿತಿಯಿದೆ. ಶಿಕ್ಷಕಿಯೇ ಆಜ್ಞೆ ಕೊಡುತ್ತ ಹೋದರೆ ಮಕ್ಕಳು ಚೆನ್ನಾಗಿ ಕುಣಿಯುತ್ತಾರೆ, ಮಾತು ಮಾತ್ರ ನಿಮ್ಮಲ್ಲೇ ಉಳಿಯುತ್ತದೆ. ಕೆಲವು ವಾರಗಳ ನಂತರ ಆಜ್ಞೆ ಕೊಡುವ ಅಧಿಕಾರವನ್ನು ಮಕ್ಕಳಿಗೆ ಒಪ್ಪಿಸಿ. ಮೇಡಂ ಅವರನ್ನೇ ಕುಪ್ಪಳಿಸುವಂತೆ ಮಾಡುವ ಅವಕಾಶ ಸಿಕ್ಕಾಗ ತೀರ ಸಂಕೋಚದ ಮಗುವೂ ‘ಮೇಡಂ, ಹಾಪ್!’ ಎನ್ನದೆ ಇರುವುದಿಲ್ಲ.

ಪ್ರಶ್ನೆ: ನಮ್ಮ ತರಗತಿಯಲ್ಲಿ ಕನ್ನಡ, ಮರಾಠಿ, ಉರ್ದು, ಲಂಬಾಣಿ ಮನೆಮಾತಿನ ಮಕ್ಕಳಿದ್ದಾರೆ. ಇಂಗ್ಲಿಷ್ ಅವಧಿಯಲ್ಲಿ ಇಂಗ್ಲಿಷ್ ಬಿಟ್ಟು ಬೇರೆ ಮಾತು ಕಿವಿಗೆ ಬೀಳಕೂಡದು ಎಂದು ತರಬೇತಿಯೊಂದರಲ್ಲಿ ಹೇಳಿದರು. ಹಾಗೆ ಮಾಡಿದರೆ ಆಟದ ನಿಯಮವೇ ಯಾರಿಗೂ ತಿಳಿಯುವುದಿಲ್ಲ. ಏನು ಮಾಡಲಿ?
— ಶಿಕ್ಷಕ, ಭಾಲ್ಕಿ ತಾಲ್ಲೂಕು

ಉತ್ತರ: ಆಟದ ನಿಯಮವನ್ನು ಕನ್ನಡದಲ್ಲಿಯೇ ಒಮ್ಮೆ ಹೇಳಿಬಿಡಿ. ನಿಯಮ ಅರ್ಥವಾಗದೆ ಹತ್ತು ನಿಮಿಷ ಕಳೆಯುವುದಕ್ಕಿಂತ ಎರಡು ಮಾತಿನಲ್ಲಿ ಅದನ್ನು ತಿಳಿಸಿ, ಉಳಿದ ಹೊತ್ತು ಇಂಗ್ಲಿಷಿನಲ್ಲಿ ಆಡುವುದು ಲಾಭ. ಅದಕ್ಕಿಂತಲೂ ಒಳ್ಳೆಯದೆಂದರೆ ಹೇಳುವ ಬದಲು ಇಬ್ಬರು ಮಕ್ಕಳನ್ನು ಮುಂದೆ ಕರೆದು ಆಡಿ ತೋರಿಸುವುದು. ಆಗ ಯಾವ ಮನೆಮಾತಿನ ಮಗುವಿಗೂ ತೊಡಕಾಗುವುದಿಲ್ಲ. ಆದರೆ ಪ್ರತಿದಿನ ಬರುವ ಮಾತುಗಳನ್ನು, ಅಂದರೆ ‘ಕಮ್ ಹಿಯರ್’, ‘ಮೇಕ್ ಎ ಸರ್ಕಲ್’, ‘ಯುವರ್ ಟರ್ನ್’, ‘ಗಿವ್ ಇಟ್ ಟು ಹರ್’ ಇಂಥವನ್ನು, ಇಂಗ್ಲಿಷಿನಲ್ಲಿಯೇ ಹೇಳಿ ಮತ್ತು ಅದೇ ರೂಪದಲ್ಲಿ ಮತ್ತೆ ಮತ್ತೆ ಹೇಳಿ. ಇಂಗ್ಲಿಷಿನಲ್ಲಿ ಹೇಳಿದ ಕೂಡಲೇ ಕನ್ನಡದಲ್ಲಿ ಅನುವಾದಿಸುವ ಅಭ್ಯಾಸ ಮಾತ್ರ ಬೇಡ, ಏಕೆಂದರೆ ಹಿಂದೆಯೇ ಕನ್ನಡ ಬರುತ್ತದೆಂದು ಗೊತ್ತಾದ ಮಗು ಇಂಗ್ಲಿಷಿಗೆ ಕಿವಿಗೊಡುವುದನ್ನು ಎರಡೇ ದಿನದಲ್ಲಿ ಬಿಟ್ಟುಬಿಡುತ್ತದೆ.

ಅಂದಹಾಗೆ, ಮನೆಯಲ್ಲಿ ಲಂಬಾಣಿ, ಓಣಿಯಲ್ಲಿ ಮರಾಠಿ, ಶಾಲೆಯಲ್ಲಿ ಕನ್ನಡ ಆಡುವ ಆರು ವರ್ಷದ ಮಗುವನ್ನು ಭಾಷೆಯಲ್ಲಿ ಹಿಂದುಳಿದದ್ದು ಎಂದು ಯಾರೂ ಎಣಿಸಬಾರದು.

ಪ್ರಶ್ನೆ: ನನ್ನ ಮಗ ಖಾಸಗಿ ಶಾಲೆಯಲ್ಲಿ ಒಂದನೆಯ ತರಗತಿ ಓದುತ್ತಿದ್ದಾನೆ. ಇಂಗ್ಲಿಷ್ ನೋಟ್‌ಬುಕ್ ಖಾಲಿಯಿದೆ. ಕೇಳಿದರೆ ‘ಆಕ್ಟಿವಿಟಿ ಮಾಡಿಸುತ್ತಿದ್ದೇವೆ’ ಎನ್ನುತ್ತಾರೆ. ಪಕ್ಕದ ಮನೆಯ ಹುಡುಗಿ ಐವತ್ತು ಸ್ಪೆಲಿಂಗ್ ಬಾಯಿಪಾಠ ಒಪ್ಪಿಸುತ್ತಾಳೆ. ನಮ್ಮವನು ಹಿಂದೆ ಬೀಳುವುದಿಲ್ಲವೇ?
— ತಾಯಿ, ಯಾದಗಿರಿ

ಉತ್ತರ: ನೋಟ್‌ಬುಕ್ ಖಾಲಿಯಿರುವುದು ತಾನಾಗಿ ದೋಷವಲ್ಲ, ಮಗನ ಕಿವಿಯೂ ಖಾಲಿಯಿದ್ದರೆ ದೋಷ. ಅದನ್ನು ನೀವೇ ಪರೀಕ್ಷಿಸಬಹುದು. ಕನ್ನಡದಲ್ಲಿ ಬರೆದಂತೆ ಓದುತ್ತೇವೆ. ಇಂಗ್ಲಿಷಿನಲ್ಲಿ 26 ಅಕ್ಷರಗಳು ಸುಮಾರು 44 ಧ್ವನಿಗಳ ಹೊರೆ ಹೊರಬೇಕಾಗಿರುವುದರಿಂದ, ಅಕ್ಷರದ ಹೆಸರು ಗೊತ್ತಿದ್ದರೆ ಓದು ಬರುತ್ತದೆ ಎನ್ನುವಂತಿಲ್ಲ. ಹೀಗಾಗಿ ಅನೇಕ ಶಾಲೆಗಳಲ್ಲಿ ಎ, ಬಿ, ಸಿ ಕ್ರಮವನ್ನು ಬಿಟ್ಟು ಎಸ್, ಎ, ಟಿ, ಪಿ, ಐ, ಎನ್ ಎಂಬ ಆರು ಅಕ್ಷರಗಳ ಧ್ವನಿಯಿಂದ ಆರಂಭಿಸುತ್ತಾರೆ. ಈ ಆರರಿಂದಲೇ ಟ್ಯಾಪ್, ಪಿನ್, ಸಿಟ್, ನ್ಯಾಪ್, ಟಿನ್, ಪ್ಯಾನ್ ಎಂದು ಹತ್ತಾರು ಪದಗಳನ್ನು ಕಟ್ಟಬಹುದು.

ಮನೆಯಲ್ಲಿ ಬಾಟಲಿಯ ಆರು ಮುಚ್ಚಳಗಳ ಮೇಲೆ ಆ ಅಕ್ಷರಗಳನ್ನು ಬರೆದು ಕೊಡಿ. ನೀವು ‘ಟ್ಯಾಪ್’ ಎಂದಾಗ ಅವನು ಮೂರು ಮುಚ್ಚಳಗಳನ್ನು ಆರಿಸಿ ಜೋಡಿಸಬೇಕು, ಒಂದೊಂದು ಧ್ವನಿಗೆ ಒಂದೊಂದು ಬೆರಳು ಮಡಚಬೇಕು. ನಮ್ಮ ನಾಲಿಗೆ ವ್ಯಂಜನದ ಕೊನೆಯಲ್ಲಿ ‘ಉ’ ಸೇರಿಸದೆ ಬಿಡುವುದಿಲ್ಲವಾದ್ದರಿಂದ ಅವನು ಬಹುಶಃ ‘ಟ್ಯಾಪು’ ಎನ್ನುತ್ತಾನೆ. ಬೈಯಬೇಡಿ. ಮುಚ್ಚಳ ಮೂರೇ ಇವೆ, ಬೆರಳು ಮಾತ್ರ ನಾಲ್ಕು ಮಡಚಿವೆ ಎಂಬುದನ್ನು ತೋರಿಸಿ. ಹೆಚ್ಚಾದ ಧ್ವನಿ ಯಾವುದೆಂದು ಅವನೇ ಹುಡುಕಲಿ. ವರ್ಷಾರ್ಧ ಕಳೆದ ಮೇಲೂ ಇಂಥ ಮೂರು ಧ್ವನಿಯ ಪದವೊಂದನ್ನು ಜೋಡಿಸಲು ಬಾರದಿದ್ದರೆ ಆಗ ಶಾಲೆಗೆ ಹೋಗಿ, ಆಕ್ಟಿವಿಟಿ ಎಂದರೆ ಏನು ಮಾಡಿಸುತ್ತಿದ್ದೀರಿ ಎಂದು ಗಟ್ಟಿಯಾಗಿಯೇ ಕೇಳಿ. ಐವತ್ತು ಸ್ಪೆಲಿಂಗ್ ಒಪ್ಪಿಸುವ ಆ ಹುಡುಗಿಗೆ ಹೊಸದೊಂದು ಪದವನ್ನು ಬರೆದು ತೋರಿಸಿ ನೋಡಿ. ಅವಳು ಓದಿದರೆ ಸಂತೋಷ. ಓದದಿದ್ದರೆ ಅವಳಿಗೂ ಆರು ಮುಚ್ಚಳ ಕೊಡಿ.

ಪ್ರಶ್ನೆ: ಇಂಗ್ಲಿಷ್ ಕಲಿಕಾ ಕಿಟ್ ಕೊಳ್ಳಲು ನಮ್ಮ ಶಾಲೆಯಲ್ಲಿ ಹಣವಿಲ್ಲ. ಕಿಟ್ ಇಲ್ಲದೆ ಚಟುವಟಿಕೆ ನಡೆಸಬಹುದೇ?
— ಮುಖ್ಯ ಶಿಕ್ಷಕರು, ಚಿತ್ತಾಪುರ ತಾಲ್ಲೂಕು

ಉತ್ತರ: ಧಾರಾಳವಾಗಿ. ಬಿಸಿಯೂಟದ ತಟ್ಟೆ-ಲೋಟ, ಮುಚ್ಚಳ, ಕಡ್ಡಿ, ಹಳೆಯ ಕ್ಯಾಲೆಂಡರಿನ ಹಿಂಬದಿ, ಹೊಲದಿಂದ ತಂದ ತೊಗರಿ-ಕಡಲೆ ಸಾಕು. ಕಾಳುಗಳನ್ನು ಮೂರನೆಯ ತರಗತಿಗೆ ಮೀಸಲಿಡಿ; ಒಂದನೆಯ ತರಗತಿಯ ಮಕ್ಕಳ ಕೈಗೆ ಕಡಲೆ ಕೊಟ್ಟರೆ ಅದು ಮೂಗಿನೊಳಗೆ ಹೋಗುವುದು ಖಚಿತ. ಅಂಗಳದ ಆಟಗಳನ್ನು ಬೇಸಿಗೆಯಲ್ಲಿ ಮೊದಲ ಅವಧಿಗೇ ಇಟ್ಟುಕೊಳ್ಳಿ.

ಪ್ರಶ್ನೆ: ನಮ್ಮೂರಿನಿಂದ ಅನೇಕ ಕುಟುಂಬಗಳು ಗುಳೆ ಹೋಗುತ್ತವೆ. ತಿಂಗಳುಗಟ್ಟಲೆ ಬಿಟ್ಟು ಮರಳಿ ಬಂದ ಮಕ್ಕಳು ಇಂಗ್ಲಿಷ್ ಅವಧಿಯಲ್ಲಿ ಹಿಂದಿನ ಸಾಲಿನಲ್ಲಿ ಸುಮ್ಮನೆ ಕೂರುತ್ತಾರೆ. ಅವರನ್ನು ಸೇರಿಸಿಕೊಳ್ಳುವುದು ಹೇಗೆ?
— ಶಿಕ್ಷಕಿ, ಸುರಪುರ ತಾಲ್ಲೂಕು

ಉತ್ತರ: ಪುಸ್ತಕದ ಪಾಠ ತಪ್ಪಿಹೋದರೆ ಮುಂದಿನ ಪಾಠ ಕಷ್ಟ. ಆದರೆ ಮೇಲೆ ಹೇಳಿದ ತಟ್ಟೆಯ ಆಟಕ್ಕೆ, ನೆಲದ ಆಟಕ್ಕೆ ಹಿಂದಿನ ಪಾಠದ ಹಂಗಿಲ್ಲ. ಬಂದ ದಿನವೇ ಜೋಡಿಯೊಂದಕ್ಕೆ ಸೇರಿಸಬಹುದು. ಮೊದಲ ವಾರ ಆ ಮಗುವಿಗೆ ಕೇಳಿ ಮಾಡುವ ಪಾತ್ರವನ್ನಷ್ಟೇ ಕೊಡಿ, ಹೇಳುವ ಪಾತ್ರ ಆಮೇಲೆ ಬರಲಿ.

ಇನ್ನೊಂದು ವಿಷಯವನ್ನು ನಾವು ಸಾಮಾನ್ಯವಾಗಿ ಗಮನಿಸುವುದಿಲ್ಲ. ಬೆಂಗಳೂರು, ಪುಣೆ, ಮುಂಬೈಗಳ ಕಟ್ಟಡ ಕೆಲಸದ ಜಾಗದಲ್ಲಿ ಬೆಳೆದು ಬಂದ ಮಗು ಬರಿಗೈಯಲ್ಲಿ ಬಂದಿರುವುದಿಲ್ಲ. ಸಿಮೆಂಟ್, ಪೈಪ್, ಲಿಫ್ಟ್, ಗೇಟ್, ವಾಚ್‌ಮನ್, ಟ್ಯಾಂಕರ್, ಫಸ್ಟ್ ಫ್ಲೋರ್ ಎಂಬ ಮಾತುಗಳನ್ನು ಅದು ಬಳಸಿ ಬಂದಿದೆ, ಕೇವಲ ಕೇಳಿ ಅಲ್ಲ. ಹಾಗಾದರೆ ಒಂದು ವಾರ ತರಗತಿಯಲ್ಲಿ ಕಟ್ಟಡವನ್ನೇ ಕಟ್ಟಿಸಿ. ಬೆಂಕಿಪೊಟ್ಟಣಗಳು ಇಟ್ಟಿಗೆಯಾಗಲಿ, ರಟ್ಟು ಛತ್ತಾಗಲಿ. ‘ಗಿವ್ ಮಿ ಟೂ ಬ್ರಿಕ್ಸ್’, ‘ಪುಟ್ ಇಟ್ ಆನ್ ಟಾಪ್’, ‘ವೇರ್ ಈಸ್ ದ ಗೇಟ್?’ ಎಂಬ ವಾಕ್ಯಗಳಿಲ್ಲದೆ ಇಟ್ಟಿಗೆ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗಬಾರದು ಎಂಬ ನಿಯಮವಿರಲಿ, ಮತ್ತು ಗುಳೆಯಿಂದ ಬಂದ ಮಗುವೇ ಮೇಸ್ತ್ರಿಯಾಗಲಿ. ಪೊಟ್ಟಣದೊಳಗಿನ ಕಡ್ಡಿಗಳನ್ನು ಮಾತ್ರ ಮೊದಲೇ ಖಾಲಿ ಮಾಡಿಟ್ಟುಕೊಳ್ಳಿ.